ಇಂಗಾಲ ಚಕ್ರ

ಇಂಗಾಲ ಚಕ್ರ: ಭೂಮಿಯ ವಾಯುಗೋಳ, ಜಲಗೋಳ, ಜೀವಗೋಳ ಮತ್ತು ಶಿಲಾಗೋಳಗಳ ನಡುವೆ ಇಂಗಾಲದ ಪರಮಾಣುಗಳು ರೂಪ ಬದಲಿಸುತ್ತ ಎಡೆಬಿಡದೆ ಸಂಚರಿಸುವ ವ್ಯವಸ್ಥೆ. ಗಾಳಿಯಲ್ಲಿ ಇಂಗಾಲ ಹೆಚ್ಚಾಗಿ ಡೈಆಕ್ಸೈಡ್ ರೂಪದಲ್ಲಿಯೂ ಅಲ್ಪಸ್ವಲ್ಪ ಮೀಥೇನ್ ರೂಪದಲ್ಲಿಯೂ ಇರುತ್ತದೆ. ಕಡಲ ನೀರಿನಲ್ಲಿ ಬೈಕಾರ್ಬನೇಟ್ ಆಗಿ ಕರಗಿರುತ್ತದೆ. ಜೀವಿಗಳ ಸಕ್ಕರೆ, ಪಿಷ್ಟ, ಪ್ರೋಟೀನು, ಕೊಬ್ಬು, ಮರದ ನಾರು ಎಲ್ಲವೂ ಇಂಗಾಲದ ಸರಪಳಿಗಳಿಂದಲೇ ಕಟ್ಟಿದವು. ನೆಲದೊಳಗೆ ಅದೇ ಇಂಗಾಲ ಸುಣ್ಣಕಲ್ಲು, ಕಲ್ಲಿದ್ದಲು, ಪೆಟ್ರೋಲಿಯಂ, ಗ್ರಾಫೈಟ್, ವಜ್ರಗಳಾಗಿ ಕುಳಿತಿದೆ. ಒಂದೇ ಪರಮಾಣು ಏಕಕಾಲಕ್ಕೆ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳಬಲ್ಲದ್ದರಿಂದ ಈ ಧಾತುವಿಗೆ ಇಷ್ಟು ವೇಷಗಳು ಸಾಧ್ಯವಾಗಿವೆ.

ಚಕ್ರ ಎಂದು ಒಂದೇ ಹೆಸರಿನಿಂದ ಕರೆದರೂ ಇಲ್ಲಿರುವುದು ಬೇರೆ ಬೇರೆ ವೇಗದ ಹಲವು ಚಲನೆಗಳು. ಎಲೆಯೊಂದು ಹಗಲಿನಲ್ಲಿ ಹೀರಿದ ಇಂಗಾಲದ ಒಂದು ಪಾಲು ಅಂದಿನ ರಾತ್ರಿಯೇ ಉಸಿರಾಟದಲ್ಲಿ ಗಾಳಿಗೆ ಮರಳುತ್ತದೆ. ಆಳಸಾಗರಕ್ಕೆ ಇಳಿದದ್ದು ಮತ್ತೆ ಮೇಲೇಳಲು ಸಾವಿರ ವರ್ಷದ ಆಸುಪಾಸು ಬೇಕು. ಕಡಲತಳದಲ್ಲಿ ಕಲ್ಲಾದದ್ದು ಜ್ವಾಲಾಮುಖಿಯ ಬಾಯಿಂದ ಹೊರಬರುವ ಹೊತ್ತಿಗೆ ಕೋಟಿಗಟ್ಟಲೆ ವರ್ಷಗಳು ಕಳೆದಿರುತ್ತವೆ. ಭೂಮಿಯ ಹವಾಗುಣ ಬಹುಮಟ್ಟಿಗೆ ಈ ವೇಗಗಳ ಹೊಂದಾಣಿಕೆಯ ಮೇಲೆ ನಿಂತಿದೆ. ಹೀಗಾಗಿ ಇಂಗಾಲ ಎಲ್ಲಿ ಎಷ್ಟಿದೆ ಎಂಬ ಪ್ರಶ್ನೆಯಷ್ಟೇ, ಅಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದೂ ಮುಖ್ಯ.

ದಾಸ್ತಾನು

ಇಂಗಾಲದ ಲೆಕ್ಕವನ್ನು ಗಿಗಾಟನ್‌ಗಳಲ್ಲಿ ಇಡುವುದು ವಾಡಿಕೆ. ಒಂದು ಗಿಗಾಟನ್ ಎಂದರೆ 100 ಕೋಟಿ ಟನ್. ಈ ಲೆಕ್ಕದಲ್ಲಿ ತೂಗುವುದು ಇಂಗಾಲವನ್ನು ಮಾತ್ರ. ಅದನ್ನು ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಬದಲಿಸಲು ಸುಮಾರು 3.67ರಿಂದ ಗುಣಿಸಬೇಕು. ಪತ್ರಿಕೆಗಳ ವರದಿಗಳಲ್ಲಿ ಈ ಎರಡು ಲೆಕ್ಕಗಳು ಆಗಾಗ ಬೆರೆತುಹೋಗುವುದರಿಂದ ಓದುಗರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಇಂಗಾಲದ ಅತಿದೊಡ್ಡ ದಾಸ್ತಾನು ಶಿಲಾಗೋಳದ್ದು. ಮೆಕ್ಕಲು ಶಿಲೆಗಳಲ್ಲಿಯೇ ಕೋಟಿಗಟ್ಟಲೆ ಗಿಗಾಟನ್ ಇಂಗಾಲವಿದ್ದು, ಅದರ ಬಹುಪಾಲು ಸುಣ್ಣಕಲ್ಲು ಮತ್ತು ಡಾಲಮೈಟುಗಳಲ್ಲಿದೆ. ಎರಡನೆಯದು ಸಾಗರ: ಸುಮಾರು 38,000 ಗಿಗಾಟನ್, ಅದರಲ್ಲಿ ಸುಮಾರು ಶೇ. 90 ಬೈಕಾರ್ಬನೇಟ್. ನೆಲದ ಮೇಲಿನ ಸಸ್ಯಗಳಲ್ಲಿರುವುದು ಸುಮಾರು 450 ಗಿಗಾಟನ್. ಮಣ್ಣಿನಲ್ಲಿ ಅದರ ಮೂರು ನಾಲ್ಕು ಪಟ್ಟು ಇದೆ. ಸೈಬೀರಿಯ, ಅಲಾಸ್ಕ, ಕೆನಡಗಳ ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಲ್ಲಿ, ಅಂದರೆ ಪರ್ಮಾಫ್ರಾಸ್ಟ್‌ನಲ್ಲಿ, ಇನ್ನೂ ಸಾವಿರಕ್ಕೂ ಮಿಕ್ಕ ಗಿಗಾಟನ್ ಹುದುಗಿದೆ. ಇವುಗಳ ಮುಂದೆ ವಾಯುಗೋಳದ ಪಾಲು ಚಿಕ್ಕದು. ಕೈಗಾರಿಕಾ ಯುಗಕ್ಕೆ ಮುನ್ನ ಅಲ್ಲಿ 590 ಗಿಗಾಟನ್‌ನಷ್ಟಿತ್ತು, ಈಗ 900ರ ಹತ್ತಿರ ಬಂದಿದೆ. ಚಿಕ್ಕದಾದ್ದರಿಂದಲೇ ಉಳಿದ ಗೋಳಗಳಲ್ಲಿ ಆಗುವ ಸಣ್ಣ ಏರುಪೇರು ವಾಯುಗೋಳದಲ್ಲಿ ದೊಡ್ಡದಾಗಿ ಕಾಣುತ್ತದೆ.

ತಿಳಿವಳಿಕೆ ಬೆಳೆದ ಬಗೆ

ಈ ಸಂಚಾರದ ಮೊದಲ ಸುಳಿವು ಸಿಕ್ಕಿದ್ದು ಸುಣ್ಣದಿಂದ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಮೆಗ್ನೀಸಿಯಂ ಕಾರ್ಬನೇಟ್ ಹಾಗೂ ಸುಣ್ಣಕಲ್ಲನ್ನು ಕಾಯಿಸಿದಾಗ ಒಂದು ಅನಿಲ ಹೊರಬಂದು ತೂಕ ಇಳಿಯುವುದನ್ನು ತಕ್ಕಡಿಯಲ್ಲಿ ತೋರಿಸಿದ. ಕಲ್ಲಿನಲ್ಲಿ ಕಟ್ಟಿಹಾಕಿದ್ದ ಆ ಗಾಳಿ ಸುಣ್ಣದ ತಿಳಿನೀರನ್ನು ಹಾಲಿನ ಬಣ್ಣಕ್ಕೆ ತಿರುಗಿಸುತ್ತಿತ್ತು. ಮನುಷ್ಯ ಬಿಟ್ಟ ಉಸಿರೂ ಅದನ್ನೇ ಮಾಡುತ್ತದೆಂದು ಅವನು ಕಂಡುಕೊಂಡ. ಕಲ್ಲಿಗೂ ಉಸಿರಿಗೂ ಸಂಬಂಧ ಕಲ್ಪಿಸಿದ ಆ ಪ್ರಯೋಗ ರಸಾಯನಶಾಸ್ತ್ರದ ಇತಿಹಾಸದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಒಂದು.

ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡ ಸರಿಪಡಿಸುತ್ತದೆಂದು ಜೋಸೆಫ್ ಪ್ರೀಸ್ಟ್‌ಲಿ 1771ರಲ್ಲಿ ಕಂಡ. ಅದಕ್ಕೆ ಬೆಳಕು ಬೇಕೆಂದು ಯಾನ್ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ. ಗಿಡದ ಇಂಗಾಲ ಬರುವುದು ಗಾಳಿಯಿಂದ, ಅದರ ತೂಕಕ್ಕೆ ನೀರೂ ಸೇರುತ್ತದೆ ಎಂಬುದನ್ನು ನಿಕೊಲಾ ದ ಸೊಸ್ಯೂರ್ 1804ರಲ್ಲಿ ಅಳೆದು ಸ್ಥಾಪಿಸಿದ. ಫ್ರಾನ್ಸಿನ ಜಾಕ್ ಜೋಸೆಫ್ ಎಬೆಲ್ಮೆನ್ 1845ರ ವೇಳೆಗೇ ಶಿಲೆಗಳ ಶಿಥಿಲೀಕರಣ ಗಾಳಿಯ ಇಂಗಾಲವನ್ನು ಹೀರುತ್ತದೆ, ಜ್ವಾಲಾಮುಖಿಗಳು ಅದನ್ನು ಮರಳಿಸುತ್ತವೆ ಎಂದು ಬರೆದಿದ್ದ. ಆ ಬರಹ ಮರೆತುಹೋಗಿ, ಅದೇ ವಿಚಾರವನ್ನು 20ನೆಯ ಶತಮಾನದಲ್ಲಿ ಹೆರಾಲ್ಡ್ ಯೂರಿ ಮತ್ತೆ ಮಂಡಿಸಬೇಕಾಯಿತು. ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್ 1896ರಲ್ಲಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೆಚ್ಚು ಕಡಿಮೆಯಾದರೆ ಭೂಮಿಯ ತಾಪ ಎಷ್ಟು ಬದಲಾದೀತೆಂದು ಕೈಲೆಕ್ಕದಿಂದ ಅಂದಾಜು ಮಾಡಿದ. ಅದಕ್ಕೆ ಬೇಕಾದ ಭೂರಾಸಾಯನಿಕ ಲೆಕ್ಕಗಳನ್ನು ಅವನ ಸಹೋದ್ಯೋಗಿ ಅರ್ವಿಡ್ ಹ್ಯೋಗ್‌ಬೊಮ್ ಒದಗಿಸಿದ್ದ.

ಗಾಳಿ ಮತ್ತು ಜೀವ

ನೆಲದ ಸಸ್ಯಗಳು ದ್ಯುತಿಸಂಶ್ಲೇಷಣೆಯ ಮೂಲಕ ವರ್ಷಕ್ಕೆ ಸರಿಸುಮಾರು 120ರಿಂದ 140 ಗಿಗಾಟನ್ ಇಂಗಾಲವನ್ನು ಗಾಳಿಯಿಂದ ತೆಗೆದುಕೊಳ್ಳುತ್ತವೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ತಾವೇ ಉಸಿರಾಟದಲ್ಲಿ ಹಿಂದಿರುಗಿಸುತ್ತವೆ. ಉಳಿದದ್ದು ಎಲೆ, ಕಾಂಡ, ಬೇರು, ಕಾಳುಗಳಾಗಿ, ಮೇಯುವ ಪ್ರಾಣಿಗಳ ಮೂಲಕವೋ ಕೊಳೆಯುವ ತರಗೆಲೆಯ ಮೂಲಕವೋ ಬೆಂಕಿಯ ಮೂಲಕವೋ ಬಹುಪಾಲು ಗಾಳಿಗೇ ಸೇರುತ್ತದೆ.

ಈ ಕೊಡುಕೊಳ್ಳುವಿಕೆ ಕಣ್ಣಿಗೆ ಕಾಣುವಂತಾದದ್ದು ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರಿಂದ. ಅವರು 1958ರ ಮಾರ್ಚಿನಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ಅಳೆಯತೊಡಗಿದರು. ಮೊದಲು ಸಿಕ್ಕ ಅಂಕಿ ಹತ್ತು ಲಕ್ಷಕ್ಕೆ 313 ಭಾಗ, ಅಂದರೆ 313 ಪಿಪಿಎಂ. ಅಳತೆಗಳನ್ನು ಸಾಲಾಗಿ ಗುರುತಿಸಿದಾಗ ವರ್ಷಕ್ಕೊಮ್ಮೆ ಏರಿ ಇಳಿಯುವ ಅಲೆ ಕಾಣಿಸಿತು: ಮೇ ತಿಂಗಳಲ್ಲಿ ಗರಿಷ್ಠ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕನಿಷ್ಠ. ಉತ್ತರ ಗೋಳಾರ್ಧದಲ್ಲಿ ನೆಲ ಹೆಚ್ಚು, ಕಾಡು ಹೆಚ್ಚು. ಅಲ್ಲಿ ಬೇಸಿಗೆಯಲ್ಲಿ ಚಿಗುರಿದ ಎಲೆಗಳು ಇಂಗಾಲವನ್ನು ಹೀರಿದಾಗ ರೇಖೆ ಇಳಿಯುತ್ತದೆ, ಎಲೆ ಉದುರಿ ಕೊಳೆಯುವಾಗ ಏರುತ್ತದೆ. ಒಂದು ಇಡೀ ಗೋಳಾರ್ಧದ ಉಸಿರಾಟವನ್ನು ಒಂದು ಗುಡ್ಡದ ಮೇಲಿನ ಉಪಕರಣ ದಾಖಲಿಸಿತ್ತು. ಆ ಅಲೆಯ ತಳ ವರ್ಷದಿಂದ ವರ್ಷಕ್ಕೆ ಮೇಲೇರುತ್ತ ಹೋಗಿದೆ. 2024ರ ಸರಾಸರಿ 424 ಪಿಪಿಎಂ ದಾಟಿತು. 2022ರ ನವೆಂಬರಿನಲ್ಲಿ ಅದೇ ಪರ್ವತ ಲಾವಾ ಕಾರಿ ರಸ್ತೆಯನ್ನೂ ವಿದ್ಯುತ್ತನ್ನೂ ಕಡಿದುಹಾಕಿದಾಗ ಅಳತೆಯನ್ನು ನೆರೆಯ ಮೌನಾ ಕೇಯಾಕ್ಕೆ ಸ್ಥಳಾಂತರಿಸಿ ಮುಂದುವರಿಸಲಾಯಿತು.

ನಮ್ಮ ಕಡೆಯ ಗಾಳಿಯಲ್ಲಿ ಈ ಅಲೆಗೆ ಮುಂಗಾರಿನ ಗುರುತೂ ಸೇರಿದೆ. ಗೋವೆಯ ದಕ್ಷಿಣದ ಕಾಬೊ ದ ರಾಮದಲ್ಲಿ 1993ರಿಂದ ಹಲವು ವರ್ಷ ಗಾಳಿಯ ಮಾದರಿಗಳನ್ನು ಸಂಗ್ರಹಿಸಲಾಯಿತು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಅಲ್ಲಿಗೆ ಬರುವುದು ದಕ್ಷಿಣದ ಕಡಲ ಮೇಲಿಂದ ಬೀಸಿದ ಗಾಳಿ. ಚಳಿಗಾಲದಲ್ಲಿ ಬರುವುದು ಉಪಖಂಡದ ಒಳನಾಡನ್ನು ಹಾದು, ಅಲ್ಲಿನ ಹೊಗೆ ಮತ್ತು ಹೊಲಗದ್ದೆಗಳ ಉಸಿರನ್ನು ಹೊತ್ತು ತಂದ ಗಾಳಿ. ಹೀಗೆ ಒಂದೇ ತಾಣದಲ್ಲಿ ನೆಲದ್ದೂ ಕಡಲದ್ದೂ ಎರಡೂ ಸಂಗತಿ ತಿಳಿಯುತ್ತವೆ.

ಎಲ್ಲ ಗಿಡಗಳೂ ಇಂಗಾಲವನ್ನು ಒಂದೇ ದಾರಿಯಿಂದ ಹಿಡಿಯುವುದಿಲ್ಲ. ಭತ್ತ, ಗೋಧಿ ಮತ್ತು ಹೆಚ್ಚಿನ ಮರಗಳಲ್ಲಿ ಮೊದಲು ಉಂಟಾಗುವುದು ಮೂರು ಇಂಗಾಲಗಳ ಸಂಯುಕ್ತ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬುಗಳಲ್ಲಿ ನಾಲ್ಕು ಇಂಗಾಲಗಳದ್ದು. ಎರಡನೆಯ ಗುಂಪು ಬಿಸಿಲಿಗೆ, ನೀರಿನ ಕೊರತೆಗೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವ ಸ್ಥಿತಿಗೆ ಚೆನ್ನಾಗಿ ಒಗ್ಗುತ್ತದೆ. ಈ ಎರಡು ದಾರಿಗಳು ಭಾರವಾದ ಸಮಸ್ಥಾನಿಯಾದ ಇಂಗಾಲ-13ನ್ನು ಬೇರೆ ಬೇರೆ ಪ್ರಮಾಣದಲ್ಲಿ ಒಳಬಿಟ್ಟುಕೊಳ್ಳುತ್ತವೆ. ಗಿಡ ಸತ್ತು ಮಣ್ಣಾದ ಮೇಲೂ ಆ ಗುರುತು ಅಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಗಳಲ್ಲಿ ಪದರ ಪದರವಾಗಿ ಕೂತ ಪೀಟ್ ಮಣ್ಣಿನಲ್ಲಿ ಈ ಗುರುತನ್ನು ಓದಿ, ಕಳೆದ ಸುಮಾರು 20,000 ವರ್ಷಗಳಲ್ಲಿ ಹುಲ್ಲುಗಾವಲೂ ಶೋಲಾ ಕಾಡೂ ಅಲ್ಲಿ ಒಂದನ್ನೊಂದು ಹಿಮ್ಮೆಟ್ಟಿಸಿದ ಕಥೆಯನ್ನು 1993ರಲ್ಲಿ ಪ್ರಕಟಿಸಿದರು.

ಗಾಳಿಯಾಡದ ಕೆಸರಿನಲ್ಲಿ ಕೊಳೆಯುವಿಕೆ ಬೇರೆ ಬಗೆಯದು. ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಇಂಗಾಲವನ್ನು ಮೀಥೇನ್ ಆಗಿ ಬಿಡುತ್ತವೆ. ಜೌಗು, ನೀರು ನಿಂತ ಭತ್ತದ ಗದ್ದೆ, ದನಕರುಗಳ ಹೊಟ್ಟೆ ಇವೆಲ್ಲ ಅಂಥ ತಾಣಗಳು. ಮೀಥೇನ್ ಗಾಳಿಯಲ್ಲಿ ಹತ್ತು ವರ್ಷದ ಆಸುಪಾಸು ಉಳಿದು, ಉತ್ಕರ್ಷಣಗೊಂಡು ಮತ್ತೆ ಡೈಆಕ್ಸೈಡ್ ಆಗುತ್ತದೆ. ನದೀಮುಖಗಳ ಕಾಂಡ್ಲಾ ಕಾಡುಗಳಲ್ಲಿ ಕೆಸರು ಉಪ್ಪಾಗಿರುವುದರಿಂದ ಮೀಥೇನ್ ಉತ್ಪತ್ತಿ ಕಡಿಮೆ, ಹೂತ ಇಂಗಾಲ ನಿಲ್ಲುವ ಕಾಲ ಹೆಚ್ಚು.

ಗಾಳಿ ಮತ್ತು ಕಡಲು

ಕಡಲಿನ ಮೇಲ್ಮೈ ಮತ್ತು ಗಾಳಿಯ ನಡುವೆ ವರ್ಷಕ್ಕೆ ಸುಮಾರು 80 ಗಿಗಾಟನ್ ಇಂಗಾಲ ಅತ್ತಿಂದಿತ್ತ ಸಾಗುತ್ತದೆ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೇ ಉಳಿಯುವುದು ನೂರಕ್ಕೆ ಒಂದು ಭಾಗದಷ್ಟು. ಮಿಕ್ಕದ್ದು ಬೈಕಾರ್ಬನೇಟ್ ಮತ್ತು ಕಾರ್ಬನೇಟ್ ಅಯಾನುಗಳಾಗುತ್ತದೆ. ಸಾಗರ ಅಷ್ಟು ಇಂಗಾಲವನ್ನು ಹಿಡಿದಿಟ್ಟುಕೊಳ್ಳುವುದು ಈ ರಾಸಾಯನಿಕ ಗುಣದಿಂದ.

ಆಳಕ್ಕೆ ಇಳಿಯಲು ಇಂಗಾಲಕ್ಕೆ ಎರಡು ದಾರಿಗಳಿವೆ. ತಣ್ಣೀರಿನಲ್ಲಿ ಅನಿಲ ಹೆಚ್ಚು ಕರಗುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿಯೂ ಅಂಟಾರ್ಕ್ಟಿಕದ ಸುತ್ತಲೂ ತಣ್ಣಗಾಗಿ ಭಾರವಾದ ನೀರು ಮುಳುಗುವಾಗ ಇಂಗಾಲವನ್ನೂ ಒಯ್ಯುತ್ತದೆ. ಇನ್ನೊಂದು ಜೀವಿಗಳ ದಾರಿ. ಕಡಲ ಜೀವಿಗಳಲ್ಲಿ ಒಟ್ಟು ಇರುವ ಇಂಗಾಲ 3 ಗಿಗಾಟನ್‌ನಷ್ಟೇ. ಆದರೂ ಸೂಕ್ಷ್ಮ ಪ್ಲವಕಗಳು ವರ್ಷಕ್ಕೆ ಸುಮಾರು 50 ಗಿಗಾಟನ್ ಇಂಗಾಲವನ್ನು ಜೀವದ್ರವ್ಯವಾಗಿ ಬದಲಿಸುತ್ತವೆ. ನೆಲದ ಮೇಲಿನ ಅಷ್ಟೂ ಕಾಡು, ಹುಲ್ಲು, ಬೆಳೆಗಳ ನಿವ್ವಳ ಉತ್ಪತ್ತಿಗೆ ಇದು ಸರಿಸಮಾನವಾಗಿ ನಿಲ್ಲುತ್ತದೆ. ದಿನಗಳಲ್ಲಿ ಹುಟ್ಟಿ ಸಾಯುವ ಜೀವಿಗಳಾದ್ದರಿಂದ ಇದು ಸಾಧ್ಯ. ಅವುಗಳ ಶವ, ಹಿಕ್ಕೆ, ಚಿಪ್ಪುಗಳು ಕೆಳಗೆ ಉದುರುತ್ತವೆ, ಉದುರುವಾಗಲೇ ಬಹುಪಾಲು ಕೊಳೆತು ಕರಗುತ್ತವೆ. ತಳದ ಕೆಸರಿನಲ್ಲಿ ಶಾಶ್ವತವಾಗಿ ಹೂತುಹೋಗುವುದು ನೂರರಲ್ಲಿ ಒಂದು ಪಾಲೂ ಅಲ್ಲ. ಕಾಲಾಂತರದಲ್ಲಿ ಪೆಟ್ರೋಲಿಯಂ ಆದದ್ದು ಆ ಅಲ್ಪ ಪಾಲಿನದೂ ಒಂದು ತುಣುಕು.

ಭಾರತದ ಎರಡು ಬದಿಯ ಕಡಲುಗಳು ಈ ವಿಷಯದಲ್ಲಿ ಒಂದಕ್ಕೊಂದು ತೀರ ಭಿನ್ನ. ಅರಬ್ಬೀ ಸಮುದ್ರದಲ್ಲಿ ಮುಂಗಾರಿನ ಗಾಳಿ ಸೊಮಾಲಿಯ ಮತ್ತು ಒಮಾನ್ ತೀರದ ಮೇಲ್ನೀರನ್ನು ದೂರ ಸರಿಸಿ ಆಳದ ತಣ್ಣೀರನ್ನು ಮೇಲಕ್ಕೆಳೆಯುತ್ತದೆ. ಭಾರತದ ಪಶ್ಚಿಮ ತೀರದಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೇರಳ, ಪ್ಲವಕ ಹಬ್ಬುತ್ತದೆ, ಕರಾವಳಿಯ ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಇದೂ ಒಂದು ಕಾರಣ. ಜತೆಗೆ ಹಿಂದೆಂದೋ ಕೊಳೆತು ಆಳದಲ್ಲಿ ಸೇರಿಕೊಂಡಿದ್ದ ಇಂಗಾಲವೂ ಮೇಲೆ ಬರುವುದರಿಂದ, ಇಡೀ ವರ್ಷದ ಲೆಕ್ಕದಲ್ಲಿ ಅರಬ್ಬೀ ಸಮುದ್ರ ಗಾಳಿಯಿಂದ ಪಡೆಯುವುದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತದೆ. ಬಂಗಾಳ ಕೊಲ್ಲಿಯ ಕಥೆ ನದಿಗಳದ್ದು. ಗಂಗಾ–ಬ್ರಹ್ಮಪುತ್ರಗಳು ವರ್ಷಕ್ಕೆ 100 ಕೋಟಿ ಟನ್ನಿನಷ್ಟು ಹೂಳನ್ನು ಹೊತ್ತು ತರುತ್ತವೆ. ಹಿಮಾಲಯದ ಇಳಿಜಾರಿನ ಎಲೆ, ಬೇರು, ಮಣ್ಣಿನ ಇಂಗಾಲ ಆ ಹೂಳಿನೊಡನೆ ಬಂದು, ಆಮ್ಲಜನಕ ತಾಗಿ ಕೊಳೆಯುವ ಮೊದಲೇ ಮುಂದಿನ ಪದರದ ಅಡಿಗೆ ಸೇರಿಬಿಡುತ್ತದೆ. ಜಗತ್ತಿನ ಅತಿದೊಡ್ಡ ಇಂಗಾಲ ಸಮಾಧಿಗಳಲ್ಲಿ ಕೊಲ್ಲಿಯ ತಳದ ಈ ಹೂಳಿನ ಬಯಲೂ ಒಂದು.

ಕಲ್ಲಿನ ದಾರಿ

ಮಳೆನೀರು ಗಾಳಿಯ ಹಾಗೂ ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ. ಆ ಆಮ್ಲ ಸಿಲಿಕೇಟ್ ಶಿಲೆಯನ್ನು ಸವೆಸಿದಾಗ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ನದಿಗೆ ಇಳಿದು ಕಡಲು ಸೇರುತ್ತವೆ. ಹವಳ, ಚಿಪ್ಪುಜೀವಿ, ಸುಣ್ಣದ ಕವಚವಿರುವ ಪ್ಲವಕಗಳು ಅವನ್ನು ಕ್ಯಾಲ್ಸಿಯಂ ಕಾರ್ಬನೇಟ್ ಆಗಿಸುತ್ತವೆ. ಈ ಕೊನೆಯ ಹಂತದಲ್ಲಿ ಹೀರಿದ ಇಂಗಾಲದ ಅರ್ಧ ಮರಳಿ ಬಿಡುಗಡೆಯಾಗುತ್ತದೆ, ಅರ್ಧ ಸುಣ್ಣಕಲ್ಲಾಗಿ ನಿಲ್ಲುತ್ತದೆ. ಸುಣ್ಣಕಲ್ಲೇ ಸವೆದರೆ ಮಾತ್ರ ಕೊನೆಗೆ ಉಳಿತಾಯವೇನೂ ಇಲ್ಲ: ತೆಗೆದುಕೊಂಡಷ್ಟೂ ಹಿಂದಕ್ಕೆ ಹೋಗುತ್ತದೆ.

ಕಡಲತಳದ ಸುಣ್ಣ ಭೂಫಲಕದೊಡನೆ ಸಾಗಿ ಇನ್ನೊಂದು ಫಲಕದಡಿ ಜಾರುತ್ತದೆ. ಅಲ್ಲಿನ ಕಾವಿಗೆ ಒಡೆದು ಡೈಆಕ್ಸೈಡ್ ಆಗಿ ಜ್ವಾಲಾಮುಖಿಗಳಿಂದ ಹೊರಬೀಳುತ್ತದೆ. ಒಂದು ಪಾಲು ಇನ್ನೂ ಆಳಕ್ಕೆ ಇಳಿಯುತ್ತದೆ. ಕೆಲವು ವಜ್ರಗಳ ಇಂಗಾಲದಲ್ಲಿ ಒಂದು ಕಾಲದ ಮೇಲ್ಮೈ ಜೀವಿಗಳ ಸಮಸ್ಥಾನಿ ಗುರುತು ಸಿಕ್ಕಿದೆ. ತಾಂಜಾನಿಯದ ಓಲ್ ದೊಯಿನ್ಯೊ ಲೆಂಗಾಯಿ ಜ್ವಾಲಾಮುಖಿ ಕಾರ್ಬನೇಟ್ ಲಾವಾವನ್ನೇ ಕಾರುತ್ತದೆ. ಕಪ್ಪಾಗಿ, ತೆಳ್ಳಗೆ ಹರಿಯುವ ಆ ಲಾವಾ ಗಾಳಿಯ ತೇವ ತಾಗಿ ದಿನಗಳಲ್ಲೇ ಬೆಳ್ಳಗಾಗುತ್ತದೆ.

ಜೇಮ್ಸ್ ವಾಕರ್, ಪಾಲ್ ಹೇಸ್, ಜೇಮ್ಸ್ ಕಾಸ್ಟಿಂಗ್ 1981ರಲ್ಲಿ ಈ ನಿಧಾನದ ದಾರಿಯ ಒಂದು ಮಹತ್ವದ ಗುಣವನ್ನು ವಿವರಿಸಿದರು. ಭೂಮಿ ಬಿಸಿಯಾದರೆ ಮಳೆ ಹೆಚ್ಚುತ್ತದೆ, ಶಿಲೆ ಬೇಗ ಸವೆಯುತ್ತದೆ, ಇಂಗಾಲ ಹೆಚ್ಚು ಹೀರಲ್ಪಡುತ್ತದೆ, ತಾಪ ಇಳಿಯುತ್ತದೆ. ತಣ್ಣಗಾದರೆ ಸವೆತ ನಿಧಾನವಾಗಿ, ಜ್ವಾಲಾಮುಖಿಗಳ ಅನಿಲ ಗಾಳಿಯಲ್ಲಿ ಕೂಡುತ್ತ ತಾಪ ಏರುತ್ತದೆ. ಸೂರ್ಯನ ಪ್ರಖರತೆ ಕಾಲಕ್ರಮದಲ್ಲಿ ಹೆಚ್ಚಿದ್ದರೂ ಭೂಮಿಯಲ್ಲಿ ನೀರು ದ್ರವವಾಗಿ ಉಳಿದು ಜೀವ ಮುಂದುವರಿದದ್ದಕ್ಕೆ ಇದು ಇಂದಿಗೂ ಬಲವಾದ ವಿವರಣೆ.

ಎಲ್ಲ ಸಿಲಿಕೇಟ್ ಶಿಲೆಗಳೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಬಸಾಲ್ಟ್ ಬಲುಬೇಗ. ನೆಲದ ಶೇ. 5ನ್ನೂ ಆವರಿಸದ ಬಸಾಲ್ಟ್, ಸಿಲಿಕೇಟ್ ಸವೆತ ಹೀರುವ ಇಂಗಾಲದ ಸುಮಾರು ಮೂರನೇ ಒಂದು ಭಾಗಕ್ಕೆ ಕಾರಣವೆಂಬ ಅಂದಾಜಿದೆ. ದಖನ್ನಿನ ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದಾಗ ಅಪಾರ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿತು. ಅಂದಿನಿಂದ ಸವೆಯುತ್ತ ಇಂಗಾಲವನ್ನು ಹೀರುತ್ತಲೂ ಬಂದಿದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಎರೆಭೂಮಿ ಆ ಸವೆತದ ಫಲ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಕರಗಿದ ಕ್ಯಾಲ್ಸಿಯಂ ಎಲ್ಲವೂ ನದಿಗೆ ಹೋಗದೆ ಮಣ್ಣಿನಲ್ಲಿಯೇ ಬೆಳ್ಳನೆಯ ಸುಣ್ಣದ ಹರಳುಗಳಾಗುತ್ತದೆ. ಉಳುವಾಗ ಮೇಲೆ ಬರುವ ಆ ಹರಳುಗಳಲ್ಲಿ ಬೇರುಗಳು ಉಸಿರಾಡಿದ ಇಂಗಾಲ ಕಲ್ಲಾಗಿದೆ.

ಈ ದೀರ್ಘ ಚಕ್ರದ ಒಂದು ಕಿರು ರೂಪ ನಮ್ಮ ಮನೆಗೋಡೆಗಳ ಮೇಲೂ ನಡೆಯುತ್ತಿತ್ತು. ಕರಾವಳಿಯಲ್ಲಿ ಅಘನಾಶಿನಿಯಂಥ ನದೀಮುಖಗಳ ಚಿಪ್ಪನ್ನು, ಒಳನಾಡಿನಲ್ಲಿ ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಗೋಡೆಗೆ ಬಳಿದ ಸುಣ್ಣವೂ ಗಾರೆಯೂ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಮರಳಿ ಪಡೆದು ಮತ್ತೆ ಕಾರ್ಬನೇಟ್ ಆಗಿ ಗಟ್ಟಿಯಾಗುತ್ತವೆ. ಸುಡಲು ಬಳಸಿದ ಸೌದೆಯ ಲೆಕ್ಕ ಬೇರೆ; ಕಲ್ಲು ಬಿಟ್ಟ ಇಂಗಾಲದ ಬಹುಪಾಲು ಗೋಡೆಗೆ ಹಿಂದಿರುಗುತ್ತಿತ್ತು.

ಮನುಷ್ಯನ ಕೈ

ಅಂಟಾರ್ಕ್ಟಿಕದಲ್ಲಿ ಕೊರೆದು ತೆಗೆದ ಹಿಮದ ಕಂಬಗಳಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಕಳೆದ 8 ಲಕ್ಷ ವರ್ಷಗಳ ವಾಯುಗೋಳವನ್ನು ಕಾಪಿಟ್ಟಿವೆ. ಆ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ಹಿಮಯುಗಗಳಲ್ಲಿ 180 ಪಿಪಿಎಂ ಹತ್ತಿರಕ್ಕೆ ಇಳಿದು, ನಡುವಣ ಬೆಚ್ಚನೆಯ ಕಾಲಗಳಲ್ಲಿ 280–300ಕ್ಕೆ ಏರಿದೆ, ಅದನ್ನು ಮೀರಿಲ್ಲ. ಕಲ್ಲಿದ್ದಲು, ತೈಲ, ಅನಿಲಗಳ ದಹನ ಈ ಮಿತಿಯನ್ನು ಒಡೆಯಿತು. ಕೋಟ್ಯಂತರ ವರ್ಷಗಳಲ್ಲಿ ಹೂತ ಇಂಗಾಲವನ್ನು ಎರಡು ಶತಮಾನಗಳಲ್ಲಿ ಮೇಲೆತ್ತಿದ್ದೇವೆ. ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದಕ್ಕಿಂತ ಮನುಷ್ಯ ಬಿಡುವುದು ಸುಮಾರು ನೂರು ಪಟ್ಟು ಹೆಚ್ಚು.

ಏರುತ್ತಿರುವ ಇಂಗಾಲ ಎಲ್ಲಿಂದ ಬಂತೆಂಬುದಕ್ಕೆ ಅದರದೇ ಸಾಕ್ಷ್ಯವಿದೆ. ವಿಕಿರಣಶೀಲ ಇಂಗಾಲ-14ರ ಅರ್ಧಾಯುಷ್ಯ 5,730 ವರ್ಷ. ಕಲ್ಲಿದ್ದಲಿನಲ್ಲಿ ಅದು ಎಂದೋ ನಶಿಸಿಹೋಗಿದೆ. ಅದನ್ನು ಸುಟ್ಟರೆ ಗಾಳಿಯ ಇಂಗಾಲ-14 ತೆಳುವಾಗಬೇಕು. ಹಾಗೇ ಆಗಿರುವುದನ್ನು ಹಾನ್ಸ್ ಸ್ಯೂಸ್ 1955ರಲ್ಲಿ ಮರದ ಉಂಗುರಗಳಲ್ಲಿ ಕಂಡರು. ಇಂಗಾಲ-13ರ ಪ್ರಮಾಣವೂ ಕುಗ್ಗುತ್ತಿದೆ. ದಹನಕ್ಕೆ ಬೇಕಾದ ಆಮ್ಲಜನಕ ಗಾಳಿಯಲ್ಲಿ ಅತ್ಯಲ್ಪವಾಗಿಯಾದರೂ ಇಳಿಯುತ್ತಿರುವುದನ್ನು ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಅಳೆದಿದ್ದಾರೆ. ಮೂರು ಸಾಕ್ಷಿಗಳೂ ಪಳೆಯುಳಿಕೆ ಇಂಧನವನ್ನೇ ತೋರಿಸುತ್ತವೆ.

2014–2023ರ ದಶಕದ ಸರಾಸರಿಯಂತೆ, ಇಂಧನ ಮತ್ತು ಸಿಮೆಂಟಿನಿಂದ ವರ್ಷಕ್ಕೆ 9.7 ಗಿಗಾಟನ್, ಕಾಡು ಕಡಿತ ಮುಂತಾದ ಭೂಬಳಕೆಯ ಬದಲಾವಣೆಗಳಿಂದ 1.1 ಗಿಗಾಟನ್ ಇಂಗಾಲ ಹೊರಬಿದ್ದಿದೆ. ಅದರಲ್ಲಿ 5.2 ಗಾಳಿಯಲ್ಲಿ ಉಳಿಯಿತು, ಸುಮಾರು 2.9 ಕಡಲಿಗೆ ಇಳಿಯಿತು, 3.2ರಷ್ಟನ್ನು ನೆಲದ ಸಸ್ಯ ಮತ್ತು ಮಣ್ಣು ತೆಗೆದುಕೊಂಡವು. ಕೂಡಿದರೆ ಬರುವ ಅಲ್ಪ ವ್ಯತ್ಯಾಸ ಅಂದಾಜುಗಳ ಮಿತಿಯದು. ಅರ್ಧಕ್ಕಿಂತ ಹೆಚ್ಚನ್ನು ಕಡಲೂ ಕಾಡೂ ಹೊರುತ್ತಿವೆ ಎಂಬುದು ಈ ಲೆಕ್ಕದಲ್ಲಿ ಎದ್ದು ಕಾಣುವ ಸಂಗತಿ.

ಸಿಮೆಂಟಿನ ಪಾಲಿಗೆ ಎರಡು ಮುಖಗಳಿವೆ. ಗೂಡನ್ನು ಕಾಯಿಸುವ ಇಂಧನದ ಹೊಗೆ ಒಂದು. ಸುಣ್ಣಕಲ್ಲೇ ಒಡೆದು ಬಿಡುವ ಅನಿಲ ಇನ್ನೊಂದು. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ಶೇ. 44 ಇಂಗಾಲದ ಡೈಆಕ್ಸೈಡ್. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳು ಸುಡುವುದು ಭೀಮಾ ತೀರದ ಸುಣ್ಣಕಲ್ಲನ್ನು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಅದೇ ಶಿಲಾಸಮೂಹದ್ದು. ಭೂಮಿಯಲ್ಲಿ ಚಿಪ್ಪುಳ್ಳ ಪ್ರಾಣಿಗಳು ಹರಡುವುದಕ್ಕೂ ಮುಂಚಿನ ಒಂದು ಕಡಲಿನ ತಳದಲ್ಲಿ ಆ ಇಂಗಾಲ ಕಲ್ಲಾಗಿತ್ತು.

ಕಡಲು ಹೊರುತ್ತಿರುವ ಹೊರೆ ಅದರ ರಸಾಯನವನ್ನೇ ಬದಲಿಸುತ್ತಿದೆ. ಮೇಲ್ನೀರಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಪಿಎಚ್ ಲಾಗರಿದಮಿಕ್ ಅಳತೆಯಾದ್ದರಿಂದ, ಹೈಡ್ರೋಜನ್ ಅಯಾನುಗಳು ಶೇ. 25ಕ್ಕೂ ಹೆಚ್ಚಾಗಿವೆ ಎಂದು ಇದರ ಅರ್ಥ. ಇಂಗಾಲದ ಡೈಆಕ್ಸೈಡ್ ಕರಗುವಾಗ ಕಾರ್ಬನೇಟ್ ಅಯಾನುಗಳು ಬಳಕೆಯಾಗಿ ಹೋಗುತ್ತವೆ. ಹವಳಕ್ಕೂ ಚಿಪ್ಪುಜೀವಿಗಳಿಗೂ ಗೂಡು ಕಟ್ಟುವುದು ಕಷ್ಟವಾಗುತ್ತದೆ. ಕಾರ್ಬನೇಟ್ ಕಡಿಮೆಯಾದಷ್ಟೂ ಇನ್ನಷ್ಟು ಅನಿಲವನ್ನು ಹೀರುವ ಕಡಲಿನ ಶಕ್ತಿಯೂ ಕುಗ್ಗುತ್ತದೆ. ಈ ತಡೆಯನ್ನು ರೋಜರ್ ರೆವೆಲ್ ಮತ್ತು ಸ್ಯೂಸ್ 1957ರಲ್ಲಿಯೇ ಗುರುತಿಸಿದ್ದರು. ನೆಲದ ಮೇಲೂ ಸಹಾಯ ಎಲ್ಲೆಡೆ ಒಂದೇ ಸಮನಿಲ್ಲ: ಅಮೆಜಾನಿನ ಆಗ್ನೇಯ ಭಾಗ ಹೀರುವುದಕ್ಕಿಂತ ಹೆಚ್ಚು ಇಂಗಾಲ ಬಿಡುತ್ತಿರುವುದನ್ನು ವಿಮಾನದಿಂದ ಸಂಗ್ರಹಿಸಿದ ಗಾಳಿಯ ಮಾದರಿಗಳು ತೋರಿಸಿವೆ. ಪರ್ಮಾಫ್ರಾಸ್ಟ್ ಕರಗಿದಲ್ಲಿ ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಬೇರು ಎಲೆಗಳು ಕೊಳೆಯತೊಡಗಿವೆ.

ಎಷ್ಟು ಕಾಲ?

ಇಂಗಾಲದ ಡೈಆಕ್ಸೈಡಿನ ಒಂದು ಅಣು ಗಾಳಿಯಲ್ಲಿ ಸರಾಸರಿ ಉಳಿಯುವುದು ನಾಲ್ಕೈದು ವರ್ಷ. ಇದನ್ನೇ ಹಿಡಿದು, ನಾವು ಬಿಟ್ಟ ಇಂಗಾಲವೂ ಬೇಗ ಇಲ್ಲವಾಗುತ್ತದೆಂದು ವಾದಿಸುವವರಿದ್ದಾರೆ. ಆ ವಾದ ತಪ್ಪು. ಅಣು ಗಾಳಿಯಿಂದ ಹೋದಾಗ ಅದರ ಬದಲು ಕಡಲಿನಿಂದಲೋ ಕಾಡಿನಿಂದಲೋ ಇನ್ನೊಂದು ಬರುತ್ತದೆ. ಕಾಲುವೆಯಿಂದ ಕೂಡಿಕೊಂಡ ಎರಡು ಕೆರೆಗಳಲ್ಲಿ ಹನಿಹನಿಯೂ ಅತ್ತಿತ್ತ ಓಡಾಡುತ್ತಿದ್ದರೂ ಒಟ್ಟು ನೀರು ಇಳಿಯುವುದು ತೂಬಿನಿಂದ ಮಾತ್ರ. ಇಲ್ಲಿ ತೂಬು ಶಿಲಾಗೋಳದ ಕಡೆಗಿದೆ, ಬಲು ಕಿರಿದು. ಗಾಳಿಗೆ ಸೇರಿದ ಹೆಚ್ಚುವರಿ ಇಂಗಾಲದಲ್ಲಿ ಒಂದು ಪಾಲು ಕೆಲವು ಶತಮಾನಗಳಲ್ಲಿ ಆಳಸಾಗರಕ್ಕೆ ಇಳಿಯುತ್ತದೆ. ಶೇ. 15ರಿಂದ 40ರಷ್ಟು ಸಾವಿರ ವರ್ಷದ ನಂತರವೂ ಗಾಳಿಯಲ್ಲಿಯೇ ಇರುತ್ತದೆ. ಕಡಲತಳದ ಸುಣ್ಣ ಕರಗಿ ಸಾಗರದ ಹೀರುವ ಶಕ್ತಿ ಚೇತರಿಸಿಕೊಳ್ಳಲು ಹತ್ತಾರು ಸಾವಿರ ವರ್ಷ, ಸಿಲಿಕೇಟ್ ಸವೆತ ಲೆಕ್ಕವನ್ನು ಪೂರ್ತಿ ಚುಕ್ತಾ ಮಾಡಲು ಲಕ್ಷಗಟ್ಟಲೆ ವರ್ಷ ಬೇಕು.

ಇದಕ್ಕೆ ಭೂಮಿಯ ಇತಿಹಾಸದಲ್ಲಿಯೇ ನಿದರ್ಶನವಿದೆ. 5.6 ಕೋಟಿ ವರ್ಷಗಳ ಹಿಂದೆ, ಪೇಲಿಯೋಸೀನ್ ಮುಗಿದು ಇಯೋಸೀನ್ ಆರಂಭವಾಗುವಾಗ, ಅಪಾರ ಇಂಗಾಲ ಕೆಲವು ಸಾವಿರ ವರ್ಷಗಳಲ್ಲಿ ಹೊರಬಂದು ಭೂಮಿ 5–6 ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತು. ಆಳಸಾಗರದ ಬಿಳಿ ಸುಣ್ಣದ ಕೆಸರು ಕರಗಿ, ಕೊರೆದು ತೆಗೆದ ಕಂಬಗಳಲ್ಲಿ ಆ ಕಾಲ ಕೆಂಪು ಜೇಡಿಯ ಪಟ್ಟಿಯಾಗಿ ಕಾಣುತ್ತದೆ. ಚೇತರಿಕೆಗೆ ಒಂದೂವರೆ ಲಕ್ಷ ವರ್ಷಕ್ಕೂ ಮೀರಿ ಹಿಡಿಯಿತು. ಇಂದಿನ ಬಿಡುಗಡೆಯ ವೇಗ ಅಂದಿನದಕ್ಕಿಂತ ಹಲವು ಪಟ್ಟು ಹೆಚ್ಚು.

ನಿಧಾನದ ಚಕ್ರವನ್ನು ಕೃತಕವಾಗಿ ಬೇಗ ತಿರುಗಿಸುವ ಪ್ರಯತ್ನಗಳು ಶುರುವಾಗಿವೆ. ಐಸ್‌ಲ್ಯಾಂಡಿನ ಹೆಲ್ಲಿಶೇದಿಯಲ್ಲಿ ಕಾರ್ಬ್‌ಫಿಕ್ಸ್ ಯೋಜನೆ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸಿತು. ಎರಡು ವರ್ಷದೊಳಗೆ ಅದರ ಶೇ. 95ಕ್ಕೂ ಹೆಚ್ಚು ಭಾಗ ಖನಿಜವಾಗಿತ್ತೆಂದು 2016ರಲ್ಲಿ ವರದಿಯಾಯಿತು. ಬಸಾಲ್ಟ್ ಪುಡಿಯನ್ನು ಹೊಲಕ್ಕೆ ಹರಡಿ ಮಳೆಯಿಂದ ಸವೆಯಲು ಬಿಡುವ ಪ್ರಯೋಗಗಳು ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದಿವೆ. ದಖನ್ನಿನ ಶಿಲೆ ಇವೆರಡಕ್ಕೂ ಒದಗುವಂಥದು. 2021ರಲ್ಲಿ ಹೆಲ್ಲಿಶೇದಿಯಲ್ಲಿ ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲಕ್ಕಿಳಿಸಲು ಕಟ್ಟಿದ ಓರ್ಕಾ ಘಟಕದ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಜಗತ್ತು ವರ್ಷಕ್ಕೆ ಪಳೆಯುಳಿಕೆ ಇಂಧನಗಳಿಂದ ಹೊರಬಿಡುವ ಇಂಗಾಲದ ಡೈಆಕ್ಸೈಡ್ 3,500 ಕೋಟಿ ಟನ್ನಿಗೂ ಹೆಚ್ಚು.